ಮಾತು ಮುಗಿಯುವವರೆಗೆ

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಡ್ರೈವರನ ತಲೆಯ ಮೇಲೊಂದು ಟೀವಿ ಇರುತ್ತದೆ. ಹೋದ ತಿಂಗಳು ನಾನು ಹತ್ತಿದಾಗ ಅದರಲ್ಲಿ ಆ ಸಿನಿಮಾ ಓಡುತ್ತಿತ್ತು. ಸಿಡಿಲು ಬಡಿದು ಶಕ್ತಿ ಬಂದವನೊಬ್ಬ ಬೆನ್ನಿಗೆ ನೀಲಿ ಬಟ್ಟೆ ಕಟ್ಟಿಕೊಂಡು ಆಕಾಶದಲ್ಲಿ ಹಾರುತ್ತಾನೆ. ಲೋಕದ ಯಾವ ಮೂಲೆಯಲ್ಲಿ ಯಾರು ಕಷ್ಟದಲ್ಲಿ ಕೂಗಿಕೊಂಡರೂ ಅವನ ಕಿವಿಗೆ ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿರುತ್ತಾನೆ. ಪಕ್ಕದಲ್ಲಿ ಕೂತಿದ್ದ ಕೊಬ್ಬರಿ ವ್ಯಾಪಾರಿ ಮೊಣಕೈಯಿಂದ ತಿವಿದು, "ನೋಡೀರೇನ್ರಿ ಇದನ್ನ? ಭಾರಿ ಮಜಾ ಐತೆ" ಎಂದರು.

"ನೋಡಿದೀನಿ" ಎಂದೆ.

ಆ ಸಿನಿಮಾದ ಕತೆಯನ್ನು ನಾನು ಹೇಳಿದಷ್ಟು ಸಲ ಅದನ್ನು ತೆಗೆದವರೂ ಹೇಳಿರಲಾರರು. ಅಂದು ಮಾತ್ರ ಕಿಟಕಿಯ ಕಡೆ ತಿರುಗಿ ಕೂತೆ. ನಾನು ಹೊರಟಿದ್ದದ್ದು ಶ್ರೀರಾಂಪುರದ ಆಚೆ ಇರುವ ಒಂದು ಹಟ್ಟಿಗೆ. ಅಲ್ಲೊಬ್ಬ ಮುದುಕರ ಮನೆಯಲ್ಲಿ ನಾನು ಆರು ವರ್ಷಗಳ ಹಿಂದೆ ಆಡಬೇಕಾಗಿದ್ದ ಒಂದು ಮಾತು ಉಳಿದುಕೊಂಡಿತ್ತು.

ನಾನು ಪಶು ಆಸ್ಪತ್ರೆಯಲ್ಲಿ ಪರೀಕ್ಷಕ. ಡಾಕ್ಟರಲ್ಲ, ಆದರೆ ಹಳ್ಳಿಯವರ ಬಾಯಲ್ಲಿ ನಾವೆಲ್ಲ ಡಾಕ್ಟ್ರೇ. ಆ ವರ್ಷ ನನ್ನನ್ನು ಶ್ರೀರಾಂಪುರದ ಕಡೆಯ ಒಂದು ಊರಿಗೆ ಹಾಕಿದ್ದರು. ನಿಜವಾದ ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು, ಉಳಿದ ದಿನ ನಾನೇ ಎಲ್ಲ. ಆಸ್ಪತ್ರೆಯೆಂದರೆ ಎರಡು ಕೋಣೆ, ಮುಂದೊಂದು ಬೇವಿನ ಮರ, ದನ ಕಟ್ಟಲು ನೆಟ್ಟ ಕಬ್ಬಿಣದ ಕಂಬ. ರಸ್ತೆ ದಾಟಿದರೆ ರುದ್ರಕ್ಕನ ಹೋಟೆಲು. ಆಸ್ಪತ್ರೆಯಲ್ಲಿ ನಾನು ಕಾಣದಿದ್ದರೆ ಜನ ಸೀದಾ ಹೋಟೆಲಿಗೆ ಬರುತ್ತಿದ್ದರು. ಎರಡು ಸಲ ನಡೆಯುವ ಕೆಲಸ ಬೇಡವೆಂದು ಕೆಲವರು ಮೊದಲೇ ಹೋಟೆಲಿಗೆ ಬರುತ್ತಿದ್ದರು. ಅದನ್ನು ನಾನು ಆಗ ತಮಾಷೆಯೆಂದು ಹೇಳಿಕೊಂಡು ತಿರುಗುತ್ತಿದ್ದೆ.

ಹೋಟೆಲಿನಲ್ಲಿ ನಮ್ಮದೊಂದು ಬೆಂಚು. ನಾನು, ಹೈಸ್ಕೂಲಿನ ಪೀಟಿ ಮೇಷ್ಟ್ರು ತಿಪ್ಪೇಸ್ವಾಮಿ, ಮತ್ತು ಕಂಡಕ್ಟರ್ ಬಸಣ್ಣ. ಬಸಣ್ಣನ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ ಬಂದು ಮುಕ್ಕಾಲು ಗಂಟೆ ಅಲ್ಲೇ ನಿಲ್ಲುತ್ತಿತ್ತು. ಆ ಮುಕ್ಕಾಲು ಗಂಟೆ ನಮ್ಮ ಪಾಲಿನದು. ಒಗ್ಗರಣೆ ಮಂಡಕ್ಕಿ, ಟೀ, ಮಾತು. ಮಾತಿನಲ್ಲಿ ಅವರಿಬ್ಬರೂ ನನಗೆ ಸಾಟಿಯಿಲ್ಲ ಎಂಬ ಹಮ್ಮು ನನಗಿತ್ತು. ಅದಕ್ಕೆ ಕಾರಣ ಯಲ್ಲದಕೆರೆಯ ನಮ್ಮಜ್ಜಿ. ಓದು ಬರಹ ಗೊತ್ತಿಲ್ಲದ ಅವಳು ಅವರೆಕಾಯಿ ಸುಲಿಯುತ್ತ ಕತೆ ಹೇಳಿದರೆ ಸುಲಿಯುವವರ ಕೈ ನಿಂತುಹೋಗುತ್ತಿತ್ತು. "ನಗಸೋ ಮುಂಚೆ ಒಂದು ಉಸಿರು ನಿಲ್ಲಬೇಕು ಮಗ. ಆ ಉಸಿರಾಗೇ ನಗು ಇರಾದು" ಎನ್ನುತ್ತಿದ್ದಳು. ಆ ಒಂದು ಉಸಿರನ್ನು ನಾನು ಚೆನ್ನಾಗಿ ಕಲಿತಿದ್ದೆ.

ಕಾಟಜ್ಜನ ಪರಿಚಯವಾದದ್ದು ಅಲ್ಲಿಗೆ ಹೋದ ಮೊದಲ ವಾರದಲ್ಲೇ. ಊರಿನಿಂದ ಒಂದು ಮೈಲಿಯಾಚೆ ಕುರಿ ಸಾಕುವವರ ಹಟ್ಟಿ. ಅಲ್ಲಿನ ಎಪ್ಪತ್ತು ದಾಟಿದ ಅಜ್ಜ. ಅರವತ್ತು ಚಿಲ್ಲರೆ ಕುರಿಗಳ ಹಿಂದೆ ದಿನಾ ಅಡವಿ ಸುತ್ತುತ್ತಿದ್ದರು. ಮಗ ಚಿಕ್ಕಣ್ಣ ಸಂತೆ ವ್ಯವಹಾರ ನೋಡಿಕೊಂಡರೆ, ಮೇಯಿಸುವ ಯಜಮಾನಿಕೆ ಪೂರಾ ಅಜ್ಜನದೇ. ಬೇರೆಯವರು ಬಂದು "ಕುರಿಗೆ ಹುಷಾರಿಲ್ಲ" ಎಂದರೆ, ಕಾಟಜ್ಜ ಬಂದು, "ಸಾಮಿ, ಕೆಂಚಿ ನಿನ್ನೆ ಸಂಜಿಂದ ಮೆಲುಕು ಹಾಕಿಲ್ಲ. ಎಡಗಡೆ ಹೊಟ್ಟೆ ತಟ್ಟಿದ್ರೆ ಡಬ್ ಅಂತೈತೆ" ಎನ್ನುತ್ತಿದ್ದರು. ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಬೆರಳಲ್ಲಿ ಇಟ್ಟುಕೊಂಡಿದ್ದರು. ಕುರಿಯ ಗೊರಸು ಕೆತ್ತುವಾಗ ಚಾಕುವನ್ನು ಯಾವ ಓರೆಯಲ್ಲಿ ಹಿಡಿಯಬೇಕೆಂದು ನನಗೆ ಕೈಹಿಡಿದು ತೋರಿಸಿದವರು ಅವರು. ಅದನ್ನು ಇಂದಿಗೂ ನಾನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುತ್ತೇನೆ. ಯಾರಿಂದ ಕಲಿತೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಆ ವರ್ಷ ಕೃತ್ತಿಕೆ ಮಳೆ ಹದವಾಗಿ ಬಂತು. ರೋಹಿಣಿಯೂ ಬಂತು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎನ್ನುವ ಮಾತನ್ನು ನಂಬಿ ಸುತ್ತಮುತ್ತಲಿನವರು ದನದ ಮೇವಿಗಾದರೂ ಆದೀತೆಂದು ಜೋಳ ಚೆಲ್ಲಿದರು. ಪೈರು ಗೇಣುದ್ದ ಏಳುವ ಹೊತ್ತಿಗೆ ಮೃಗಶಿರ ಕೈಕೊಟ್ಟಿತು. ಮೂರು ವಾರ ಬರೇ ಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳ ದೊಡ್ಡ ಫ್ಯಾನುಗಳು ಹಗಲೂ ರಾತ್ರಿ ತಿರುಗಿದವು, ಹೋಟೆಲಿನ ತಗಡು ಬಡಿದುಕೊಂಡಿತು, ಟೀ ಲೋಟಕ್ಕೆ ಮಣ್ಣು ಬಿತ್ತು. ಗೇಣುದ್ದದ ಜೋಳ ಅಲ್ಲೇ ಮುರುಟಿ ನಿಂತಿತು. ಆಮೇಲೆ ಒಂದು ಸಂಜೆ ತುಂತುರು ಬಿದ್ದು, ಆ ಮುರುಟಿದ ಬುಡದಿಂದಲೇ ಹೊಸ ಕುಡಿ ಹೊಡೆಯಿತು. ನೋಡಲು ಎಷ್ಟು ಚೆಂದದ ಹಸಿರು. ಬಾಡಿ ಮತ್ತೆ ಚಿಗುರಿದ ಎಳೆ ಜೋಳ ಕುರಿಗೆ ವಿಷ ಎನ್ನುವುದು ಪ್ರತಿ ಕುರುಬನಿಗೂ ಗೊತ್ತು. ಹೊಟ್ಟೆಗೆ ಹೋದ ಅರ್ಧ ಗಂಟೆಯೊಳಗೆ ಕುರಿ ತೂರಾಡುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಬೀಳುತ್ತದೆ. ಅದಕ್ಕೆ ಮದ್ದು ಉಂಟು, ನರಕ್ಕೆ ಇಂಜೆಕ್ಷನ್ ಕೊಡಬೇಕು. ಬಿದ್ದ ಮೇಲೂ ಬದುಕಿಸಬಹುದು. ಹೊತ್ತಿಗೆ ಸರಿಯಾಗಿ ಕೊಟ್ಟರೆ.

ಆ ತುಂತುರು ಬಿದ್ದ ವಾರವೇ ನಾವು ಮೂವರೂ ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಆ ಸಿನಿಮಾ ನೋಡಿ ಬಂದೆವು. ರುದ್ರಕ್ಕ ಹೋಟೆಲು ಬಿಟ್ಟು ಎಲ್ಲಿಗೂ ಬರುವ ಹಾಗಿರಲಿಲ್ಲ. "ನೋಡ್ಕಂಬಂದು ನಂಗೆ ಹೇಳ್ರಿ. ಸುಳ್ಳು ಸೇರಿಸ್ಬ್ಯಾಡ್ರಿ, ಸೇರಿಸಿದ್ರೆ ನಂಗೆ ಗೊತ್ತಾಗ್ತೈತೆ" ಎಂದು ಕಳಿಸಿದ್ದಳು. ಸೋಮವಾರದಿಂದ ಕತೆ ಶುರುವಾಯಿತು. ಎರಡೂವರೆ ಗಂಟೆಯ ಸಿನಿಮಾ ಗುರುವಾರವಾದರೂ ಮುಗಿದಿರಲಿಲ್ಲ.

ಗುರುವಾರ ಡಾಕ್ಟರು ಬರುವ ದಿನವಲ್ಲ. ಒಂಬತ್ತಕ್ಕೆ ಬಸಣ್ಣನ ಬಸ್ಸು ಬಂತು. ನಾನು ಆಸ್ಪತ್ರೆಯ ಬಾಗಿಲು ತೆರೆದಿಟ್ಟು ಹೋಟೆಲಿಗೆ ಬಂದು ಬೆಂಚಿನ ಮೇಲೆ ಕೂತೆ.

"ಅಲ್ಲ ಡಾಕ್ಟ್ರೇ, ನನಗೊಂದು ಡೌಟು" ಎಂದು ತಿಪ್ಪೇಸ್ವಾಮಿ ಮಾತು ತೆಗೆದ. "ಅವ್ನು ಹಾರಾಕ್ ಮುಂಚೆ ಕೈ ಯಾಕೆ ಮುಂದಕ್ಕೆ ಚಾಚ್ತಾನೆ?"

"ಅಭ್ಯಾಸ ಕಣೋ" ಎಂದ ಬಸಣ್ಣ. "ಮೊದ್ಲು ನಮ್ಮ ರೂಟಾಗೆ ಓಡಾಡಿರ್ತಾನೆ. ಕೈ ಚಾಚಿ ಚಾಚಿ ಬಸ್ಸು ನಿಲ್ದೆ, ಕೊನೆಗೆ ಸಿಟ್ಟಿಗೆದ್ದು ಹಾರಿರ್ತಾನೆ."

"ನೀನು ನಿಲ್ಸಿದ್ದಿದ್ರೆ ಅವ್ನು ಹೀರೋನೇ ಆಗ್ತಿರ್ಲಿಲ್ಲ ಅನ್ನು."

"ಆಗ್ತಿರ್ಲಿಲ್ಲ. ಹುಳಿಯಾರಾಗೆ ಇಳ್ಕಂಡು ಕಾಯಿ ಮಾರ್ತಿದ್ದ."

ರುದ್ರಕ್ಕ ಸೌಟು ಹಿಡಿದುಕೊಂಡೇ, "ಅವ್ನ ಬೆನ್ನಿನ ಬಟ್ಟೆ ಯಾರು ಒಗೀತಾರೆ?" ಎಂದಳು. "ನೀವು ನಾಲ್ಕು ದಿನ್ದಿಂದ ಹೇಳ್ತಿದೀರಿ. ಮಣ್ಣಾಗೆ ಬಿದ್ದ, ಬೆಂಕ್ಯಾಗೆ ಬಿದ್ದ, ಸಮುದ್ರದಾಗೆ ಬಿದ್ದ. ಒಂದ್ಸಲನಾದ್ರೂ ಒಗೆದ ಅಂತ ಹೇಳ್ಲಿಲ್ಲ."

"ಒಗೆಯಾಕೆ ಹೋದ್ರೆ ಲೋಕ ಯಾರು ಕಾಯ್ತಾರಕ್ಕ?" ಎಂದ ತಿಪ್ಪೇಸ್ವಾಮಿ.

"ಲೋಕ ಕಾಯೋರ ಮನ್ಯಾಗೆಲ್ಲ ಒಗೆಯೋರು ಒಬ್ರು ಇರ್ತಾರೆ ಬಿಡು" ಎಂದು ಅವಳು ಮಂಡಕ್ಕಿ ತಿರುವಿದಳು.

ಹೀಗೆ ನಡೆಯುತ್ತಿರುವಾಗ ಹೋಟೆಲಿನ ಹೊರಗೆ, ತಗಡಿನ ಮಾಡಿಗೆ ಕೊಟ್ಟ ಕಂಬದ ಹತ್ತಿರ, ಕಾಟಜ್ಜ ಬಂದು ನಿಂತರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಎದೆ ಏರಿಳಿಯುತ್ತಿತ್ತು. ನೋಡಿದೆ. ನೋಡಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ವಯಸ್ಸಾದವರು, ನಡೆದು ಬಂದಿದ್ದಾರೆ, ದಣಿವು ಎಂದುಕೊಂಡೆ. ಕತೆ ಕೇಳಲು ನಿಂತಿದ್ದಾರೆ ಎಂದೂ ಅಂದುಕೊಂಡೆ. ನನ್ನ ಕತೆ ಕೇಳಲು ಯಾರು ನಿಂತರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ.

ನಾನು ಕಿವಿಯ ವಿಷಯಕ್ಕೆ ಬಂದಿದ್ದೆ. "ಅದೆಲ್ಲ ಬಿಡ್ರಿ. ಲೋಕದ ಎಲ್ಲಾ ಕೂಗೂ ಕೇಳ್ಸೋ ಕಿವಿ ಇಟ್ಕಂಡು ಅವ್ನು ನಮ್ಮೂರಾಗೆ ಹುಟ್ಟಿದ್ರೆ ಏನಾಗ್ತಿತ್ತು ಹೇಳ್ರಿ."

"ಏನಾಗ್ತಿತ್ತು?"

"ಬೆಳಿಗ್ಗೆ ಐದಕ್ಕೆ ಎದ್ದು ಕೂತ್ಕಂತಾನೆ. ಒಂದ್ ಕಡೆ ಗುಡಿ ಮೈಕು. ಒಂದ್ ಕಡೆ ನೀರು ಬಿಟ್ಟಿಲ್ಲ ಅಂತ ವಾಲ್‌ಮ್ಯಾನ್ ಮನೆ ಮುಂದೆ ಬೈಗುಳ. ಇತ್ಲಾಗೆ ರುದ್ರಕ್ಕ ಹಾಲಿಗೆ ನೀರು ಹಾಕಿದಾನೆ ಅಂತ ಹಾಲಿನೋನ ಮೇಲೆ ಕೂಗ್ತಿರ್ತಾಳೆ. ಎಲ್ಲಾನೂ ಕೇಳಿಸ್ಕಂತಾನೆ, ಎದ್ದು ನಿಂತ್ಕಂತಾನೆ, ಬೆನ್ನಿಗೆ ಬಟ್ಟೆ ಕಟ್ಕಂತಾನೆ…"

ಇಲ್ಲಿ ಅಜ್ಜಿ ಕಲಿಸಿದ ಆ ಉಸಿರು ನಿಲ್ಲಿಸಿದೆ. ಮೂವರೂ ನನ್ನ ಬಾಯಿ ನೋಡುತ್ತಿದ್ದರು.

"…ಎರಡು ಉಂಡೆ ಹತ್ತಿ ತಗಂಡು ಕಿವಿಗೆ ತುರುಕ್ಕಂಡು ಮಲಗ್ತಾನೆ."

ತಿಪ್ಪೇಸ್ವಾಮಿ ಬೆಂಚು ಬಡಿದು ನಕ್ಕ. ರುದ್ರಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಆ ನಗು ಇಳಿಯುವಷ್ಟರಲ್ಲಿ ಇನ್ನೊಂದು ಎಬ್ಬಿಸಬೇಕೆಂಬ ಚಪಲ. ಕಂಬದ ಕಡೆ ಕೈ ತೋರಿಸಿ, "ಇಗಾ, ನಮ್ಮ ಹೀರೋ ಇಲ್ಲೇ ಅವ್ನೆ ನೋಡ್ರಿ. ಹೆಗಲ ಮೇಲೆ ಬಟ್ಟೆ ಐತೆ, ಕೈಯಾಗೆ ಆಯುಧ ಐತೆ. ಹಾರಾದೊಂದು ಬಾಕಿ" ಎಂದೆ.

ಎಲ್ಲರೂ ತಿರುಗಿ ನೋಡಿ ಮತ್ತೆ ನಕ್ಕರು. ಕಾಟಜ್ಜನೂ ನಕ್ಕರು. ತುಟಿ ಮಾತ್ರ ನಕ್ಕಿತು, ಗಂಟಲು ಒಣಗಿದವರು ನಗುವ ಹಾಗೆ. ಆಮೇಲೆ ಬಸಣ್ಣ ಇನ್ನೊಂದು ಸೇರಿಸಿದ, ತಿಪ್ಪೇಸ್ವಾಮಿ ಮತ್ತೊಂದು. ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ. ಬಸಣ್ಣ ಚೀಲ ಏರಿಸಿಕೊಂಡು ಓಡಿದ, ತಿಪ್ಪೇಸ್ವಾಮಿ ಸ್ಕೂಲಿಗೆ ಎದ್ದ. ಬೆಂಚು ಖಾಲಿಯಾಯಿತು.

ಆಗ ಕಾಟಜ್ಜ ಎರಡು ಹೆಜ್ಜೆ ಮುಂದೆ ಬಂದು ಕೇಳಿದರು: "ಮಾತು ಮುಗೀತಾ ಸಾಮಿ?"

"ಮುಗೀತು ಹೇಳಜ್ಜ."

"ಬೇಲಿ ಸಂದಿನಾಗೆ ಜೋಳದ ಹೊಲಕ್ಕೆ ನುಗ್ಗಿಬಿಟ್ವು ಸಾಮಿ. ಬೀಳ್ತಾ ಅವೆ."

ಅವರು ಕಂಬದ ಹತ್ತಿರ ನಿಂತಿದ್ದದ್ದು ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲ.

ಆಸ್ಪತ್ರೆಗೆ ಓಡಿ ಔಷಧಿ, ಸಿರಿಂಜು ಬಾಚಿಕೊಂಡು, ಅಜ್ಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ದಾರಿಯಲ್ಲಿ ಅವರು ಹೇಳಿದ್ದು ಇಷ್ಟು: ಮುಳ್ಳಿನಲ್ಲಿ ಸಿಕ್ಕಿದ ಒಂದು ಮರಿಯನ್ನು ಬಿಡಿಸುತ್ತಿದ್ದಾಗ, ಗಾಳಿಗೆ ಬಿದ್ದಿದ್ದ ಬೇಲಿಯ ಸಂದಿನಲ್ಲಿ ಮುಂದಿನ ಕುರಿಗಳು ನುಗ್ಗಿದವು. ಆಗಷ್ಟೇ ಬುತ್ತಿ ತಂದಿದ್ದ ಸೊಸೆ ಲಕ್ಕಮ್ಮನನ್ನು ಅಲ್ಲಿ ನಿಲ್ಲಿಸಿ ಅಜ್ಜ ಊರಿಗೆ ಓಡಿದ್ದರು. ಫೋನು ಇದ್ದದ್ದು ಚಿಕ್ಕಣ್ಣನ ಹತ್ತಿರ. ಅವನು ಹಿರಿಯೂರಿಗೆ ಹೋಗಿದ್ದ.

ಹೊಲದಲ್ಲಿ ಹದಿನೇಳು ಕುರಿ ಬಿದ್ದಿದ್ದವು. ಕೆಲವು ಆಗಲೇ ತಣ್ಣಗಾಗಿದ್ದವು. ಕೆಲವು ಕತ್ತು ಹಿಂದಕ್ಕೆ ಮಣಿಸಿ ಕಾಲು ಝಾಡಿಸುತ್ತಿದ್ದವು. ಕಾಟಜ್ಜ ಒಂದೊಂದರ ತಲೆ ಹಿಡಿದು ಕತ್ತಿನ ನರ ಒತ್ತಿ ತೋರಿಸುತ್ತ ಹೋದರು, ನಾನು ಸೂಜಿ ಚುಚ್ಚುತ್ತ ಹೋದೆ. ಮೂರು ಉಳಿದವು. ನಾಲ್ಕನೆಯದಕ್ಕೆ ಔಷಧಿ ಅರ್ಧ ಹೋಗುವಷ್ಟರಲ್ಲಿ ಉಸಿರು ನಿಂತಿತು. ಅದು ಕೆಂಚಿ.

ಲಕ್ಕಮ್ಮನ ಸೀರೆಯೆಲ್ಲ ನೊರೆ. ಅವಳು ನನ್ನ ಕಡೆ ನೋಡಲಿಲ್ಲ. ಮಾವನನ್ನೇ ಕೇಳಿದಳು: "ಇಷ್ಟೊತ್ತು ಎಲ್ಲಿಗೋಗಿದ್ದೆ ಮಾವ? ಒಂದು ಮೈಲಿ ದಾರಿ. ನಾನಿಲ್ಲಿ ಒಬ್ಳೇ ಬಡ್ಕಂತಿದೀನಿ."

ಕಾಟಜ್ಜ ಕೆಂಚಿಯ ಬಾಯಿಯ ನೊರೆಯನ್ನು ಕಂಬಳಿಯ ಅಂಚಿನಲ್ಲಿ ಒರೆಸುತ್ತಿದ್ದರು. ತಲೆಯೆತ್ತದೆ ಹೇಳಿದರು: "ಕಾಲು ಬರ್ಲಿಲ್ಲ ಕಣವ್ವ."

ನಾನು ಸಿರಿಂಜು ತೊಳೆಯುತ್ತಿದ್ದೆ. ಆ ಕಾಲುಗಳು ಎಷ್ಟು ಬೇಗ ಬಂದಿದ್ದವೆಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಸಿರಿಂಜು ತೊಳೆದು ಮುಗಿಯಿತು, ಮತ್ತೆ ತೊಳೆದೆ.

ಲಕ್ಕಮ್ಮ ನನಗೆ ಕೈಮುಗಿದು, "ನೀವು ಬಂದಿದ್ದಕ್ಕೆ ಮೂರಾದ್ರೂ ಉಳಿದ್ವು ಸರ್" ಎಂದಳು.

ನಾಲ್ಕು ದಿನದ ಮೇಲೆ ಉಳಿದ ಮೂರನ್ನು ನೋಡಲು ಹಟ್ಟಿಗೆ ಹೋದೆ. ಚಿಕ್ಕಣ್ಣ ಬಂದಿದ್ದ. ಸಿಡುಕಿನ ಮನುಷ್ಯನಲ್ಲ. ತಗ್ಗಿದ ದನಿಯಲ್ಲೇ ಅಪ್ಪನಿಗೆ ಹೇಳಿದ: "ಸಾಕಪ್ಪ ಇನ್ನ. ಕಾಲು ಬರ್ದೋನು ಕುರಿ ಹಿಂದೆ ಯಾಕೆ ಹೋಗ್ಬೇಕು? ನಾಳಿಂದ ನಾನೇ ಹೋಗ್ತೀನಿ. ನೀನು ಹಟ್ಟ್ಯಾಗಿರು." ಕೈ ಚಾಚಿ ಕೋಲು ಇಸಿದುಕೊಂಡ. ಅಜ್ಜ ಕೊಟ್ಟರು. ಕೊಡುವಾಗ ನನ್ನ ಮುಖ ನೋಡಿದರು. ಬೇಡುವ ನೋಟವಲ್ಲ ಅದು, ಬರೇ ನೋಡಿದರು ಅಷ್ಟೆ. ಚಿಕ್ಕಣ್ಣನೂ ನನ್ನ ಕಡೆ ತಿರುಗಿ, "ಏನಂತೀರಿ ಡಾಕ್ಟ್ರೇ?" ಎಂದ.

ಆಡಬೇಕಾಗಿದ್ದದ್ದು ಒಂದೇ ಮಾತು. 'ನಿಮ್ಮಪ್ಪ ಹೊತ್ತಿಗೆ ಸರಿಯಾಗಿ ಬಂದಿದ್ದರು, ತಡ ಮಾಡಿದವನು ನಾನು.' ಮಾತಿನ ಮಲ್ಲ ನಾನು ಹೇಳಿದ್ದು ಹೀಗೆ: "ಹೌದಪ್ಪ, ವಯಸ್ಸಾತು. ಸ್ವಲ್ಪ ವಿಶ್ರಾಂತಿ ತಗಳ್ಲಿ."

ಆಷಾಢ ಮುಗಿಯುವ ಮುಂಚೆ ವರ್ಗಕ್ಕೆ ಅರ್ಜಿ ಹಾಕಿದೆ. ದಸರೆಯ ಹೊತ್ತಿಗೆ ಹೊಳಲ್ಕೆರೆಗೆ ಬಂದೆ. ಅದಕ್ಕೆ ಮುಂಚೆ ಅಲ್ಲಿದ್ದಷ್ಟು ದಿನ ಹಟ್ಟಿಯ ದಾರಿಯಲ್ಲಿ ಹೋಗಬೇಕಾದಾಗ ಅಜ್ಜ ಬೇಲಿಯ ಬುಡದಲ್ಲಿ ಕೂತು ಹುರಿ ಹೊಸೆಯುವುದು ಕಾಣುತ್ತಿತ್ತು. ಸಂಜೆ ಕುರಿ ಬರುವ ಹೊತ್ತಿಗೆ ಎದ್ದು ನಿಂತು, ಒಂದೊಂದನ್ನೂ ಬಾಗಿ ನೋಡಿ ಒಳಗೆ ಬಿಡುತ್ತಿದ್ದರು. ನಾನು ಬೈಕು ನಿಲ್ಲಿಸುತ್ತಿರಲಿಲ್ಲ.

ಇದನ್ನೆಲ್ಲ ಮನಸ್ಸಿನೊಳಗೆ ಹೂತಿಟ್ಟೆ ಎಂದಾದರೂ ಹೇಳುವಂತಿದ್ದರೆ ಎಷ್ಟೋ ವಾಸಿ. ನಾನು ಅದನ್ನೂ ಕತೆ ಮಾಡಿದೆ. ಮದುವೆ ಮನೆಗಳಲ್ಲಿ, ತರಬೇತಿಗಳಲ್ಲಿ, ಊಟದ ಪಂಕ್ತಿಗಳಲ್ಲಿ, "ನಮ್ಮ ಕಡೆ ಕುರಿ ಸಾಕುವವರ ದೊಡ್ಡತನ ನೋಡ್ರಿ" ಎಂದು ಶುರು ಮಾಡುತ್ತಿದ್ದೆ. ಸಿನಿಮಾದ ಹಾಸ್ಯವೆಲ್ಲ ಹೇಳಿ, ಹತ್ತಿ ಉಂಡೆಗೆ ನಗಿಸಿ, ಕೊನೆಗೆ ಒಂದು ಉಸಿರು ನಿಲ್ಲಿಸಿ, "ಮಾತು ಮುಗೀತಾ ಸಾಮಿ" ಎಂದಾಗ ಕೇಳುವವರ ಕಣ್ಣು ಒದ್ದೆಯಾಗುತ್ತಿತ್ತು. "ನಾಲ್ಕು ಜನ ನಗುವಾಗ ನಡುವೆ ಬಾಯಿ ಹಾಕಬಾರದು ಅನ್ನೋದು ಅವರ ಪದ್ಧತಿ" ಎಂದು ಮುಗಿಸುತ್ತಿದ್ದೆ. ಎಂಥ ಸಂಸ್ಕಾರ ಎಂದು ಎಲ್ಲರೂ ತಲೆದೂಗುತ್ತಿದ್ದರು. ಸತ್ತ ಕುರಿಗಳು ಆ ಕತೆಯಲ್ಲಿ 'ಒಂದೆರಡು' ಆಗಿದ್ದವು. ಕೋಲು ಇಸಿದುಕೊಂಡದ್ದು ಅದರಲ್ಲಿ ಇರಲೇ ಇಲ್ಲ.

ಎರಡು ತಿಂಗಳ ಹಿಂದೆ ಹೊಳಲ್ಕೆರೆಯಲ್ಲಿ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ. ಊಟದ ಮೇಲೆ, "ಸರ್, ನಿಮ್ಮ ಕಾಟಜ್ಜನ ಕತೆ ಆಗ್ಲಿ" ಎಂದರು. ಹೇಳಿದೆ. ಎಲ್ಲರೂ ತಲೆದೂಗಿದರು. ಹೊಸದಾಗಿ ಸೇರಿದ ಮಂಜುಳಾ ಎಂಬ ಹುಡುಗಿ ಮಾತ್ರ ಸುಮ್ಮನೆ ಕೂತಿದ್ದಳು. ಕೈ ತೊಳೆಯುವಲ್ಲಿ ಪಕ್ಕಕ್ಕೆ ಬಂದು ಹೇಳಿದಳು:

"ಸರ್, ನಾನೂ ಹಟ್ಟಿಯೋಳೇ. ಹಿರಿಯೂರು ಕಡೆ. ನಮ್ಮಲ್ಲಿ ಅಂಥ ಪದ್ಧತಿ ಇಲ್ಲ."

"ಇಲ್ವಾ?"

"ಕುರಿ ಬೀಳ್ತಿದ್ರೆ ನಮ್ಮಜ್ಜ ಗುಡಿಯಾಗೆ ಮಂಗಳಾರತಿ ನಡೀತಿದ್ರೂ ನಿಲ್ಸ್ತಾನೆ ಸರ್. ನಿಮ್ಮನ್ನ ಕಾಲರ್ ಹಿಡ್ಕಂಡು ಎಳ್ಕಂಡು ಹೋಗ್ತಿದ್ದ. ಅವ್ರು ಯಾಕೆ ನಿಂತ್ರು ಅಂತ ನಂಗೆ ಅರ್ಥ ಆಗ್ಲಿಲ್ಲ, ಅದಕ್ಕೆ ಕೇಳ್ದೆ."

ಕೆಣಕುವ ದನಿಯಲ್ಲ. ತಿಳಿದುಕೊಳ್ಳಬೇಕೆಂಬ ದನಿ. ನಾನು ಕರ್ಚೀಫು ಹುಡುಕುವವನ ಹಾಗೆ ಜೇಬು ತಡಕಿದೆ.

ಯಾಕೆ ನಿಂತರು ಎನ್ನುವುದು ನನಗೆ ಗೊತ್ತಿತ್ತು. ಇದುವರೆಗೆ ಯಾರಿಗೂ ಹೇಳದಿದ್ದದ್ದನ್ನು ಇಲ್ಲಿ ಬರೆಯುತ್ತೇನೆ.

ಆ ಗುರುವಾರಕ್ಕೆ ಎರಡು ವಾರ ಮೊದಲು, ಅದೇ ಹೋಟೆಲು, ಅದೇ ಬೆಂಚು. ನಾನು ಬೇರೊಂದು ಕತೆ ಹೇಳುತ್ತಿದ್ದೆ. ಯಾವುದೆಂದು ಈಗ ನೆನಪಿಲ್ಲ, ಅಷ್ಟು ಬೆಲೆಬಾಳುವ ಕತೆ ಅದು. ನಗು ಎಬ್ಬಿಸುವ ಮುಂಚಿನ ಆ ಒಂದು ಉಸಿರು ನಿಲ್ಲಿಸಿದ್ದೆ. ಆ ಖಾಲಿಯಲ್ಲಿ ಕಾಟಜ್ಜನ ದನಿ ಬಂತು: "ಸಾಮಿ, ಕರಿಯ ಟಗರು ಕುಂಟ್ತೈತೆ, ಮುಂಗಾಲು ಸಂದಿನಾಗೆ…" ಎಲ್ಲರೂ ಅವರ ಕಡೆ ತಿರುಗಿದರು. ಕತೆ ಕೈಯಿಂದ ಜಾರಿ ಬಿತ್ತು. ನನ್ನ ಮೈ ಉರಿಯಿತು. ಅಪ್ಪನಿಗಿಂತ ಹಿರಿಯ ಆ ಮನುಷ್ಯನಿಗೆ ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ.

"ಏಯ್, ನಾಲ್ಕು ಜನ ಮಾತಾಡಾದು ಕಾಣಲ್ವೇನೋ ನಿಂಗೆ? ಮಾತು ಮುಗಿಯೋವರ್ಗೂ ಬಾಯಿ ಮುಚ್ಕಂಡು ನಿಂತ್ಕಳಾಕೆ ಬರಲ್ವಾ?"

ರುದ್ರಕ್ಕ ಸೌಟು ಕೆಳಗಿಟ್ಟಳು. ಕಾಟಜ್ಜ, "ತಪ್ಪಾತು ಸಾಮಿ" ಎಂದು ಹಿಂದೆ ಸರಿದು, ಆ ಕಂಬದ ಹತ್ತಿರ ಹೋಗಿ ನಿಂತರು. ನಾನು ಕತೆ ಮುಂದುವರಿಸಿದೆ. ಯಾರೂ ನಗಲಿಲ್ಲ.

ಅದು ಹಟ್ಟಿಯ ಪದ್ಧತಿಯಲ್ಲ. ನಾನು ಕಲಿಸಿದ ಪಾಠ. ಅವರು ಒಂದೇ ಸಲಕ್ಕೆ ಕಲಿತರು. ಕುರಿಯ ವಿಷಯದಲ್ಲಿ ಡಾಕ್ಟರನ ಮಾತು ಮೀರಬಾರದೆಂದು ನಂಬಿದವರು ಅವರು. ಸಿಟ್ಟಿಗೆದ್ದ ಡಾಕ್ಟರು ಬರುವುದೇ ಇಲ್ಲವೆಂದರೆ ಗತಿಯೇನೆಂದು ಹೆದರಿರಲೂಬಹುದು. ಕುರಿಗಳು ಬೀಳುತ್ತಿದ್ದಾಗ, ಓಡಿಬಂದ ಎದೆ ಬಡಿದುಕೊಳ್ಳುತ್ತಿದ್ದಾಗ, ನಾನು ಅವರ ಕಂಬಳಿಯನ್ನು ಆಡಿಕೊಳ್ಳುತ್ತಿದ್ದಾಗ, ಅವರು ನಾನು ಹೇಳಿದಂತೆ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಮಂಜುಳಾಗೆ ಅಂದು "ಒಬ್ಬೊಬ್ರ ಸ್ವಭಾವಮ್ಮ" ಎಂದು ತಪ್ಪಿಸಿಕೊಂಡೆ. ಆದರೆ ಆಮೇಲೆ ಆ ಕತೆ ನನ್ನ ಬಾಯಿಗೆ ಬರಲಿಲ್ಲ. ಒಂದು ತಿಂಗಳು ಹೇಗೋ ತಳ್ಳಿ, ಒಂದು ಭಾನುವಾರ ಮನೆಯಲ್ಲಿ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಆ ಬಸ್ಸು ಹತ್ತಿದೆ.

ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಮೂರು ಗಂಟೆಗೆ ಹಟ್ಟಿಯ ದಾರಿಯಲ್ಲಿ ಇಳಿದೆ. ಕಾಟಜ್ಜ ಇದ್ದಾರೋ ಇಲ್ಲವೋ ಎನ್ನುವುದೂ ನನಗೆ ಗೊತ್ತಿರಲಿಲ್ಲ. ಇದ್ದರು. ಜಗಲಿಯ ಮೇಲೆ ಹಾಸಿದ ಗೋಣಿಚೀಲದ ಮೇಲೆ ಗೋಡೆಗೊರಗಿ ಕೂತಿದ್ದರು. ಮೊಣಕಾಲುಗಳು ಗಂಟು ಕಟ್ಟಿ ಮಡಿಸಿದಂತೆಯೇ ನಿಂತಿದ್ದವು. ಗುರುತು ಹಿಡಿದು, "ಬರ್ರಿ ಸಾಮಿ, ಕುಂತ್ಕಳ್ರಿ" ಎಂದರು. ಲಕ್ಕಮ್ಮ ಒಳಗಿನಿಂದ ಬಂದಳು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ. ಅಜ್ಜಿ ಕಲಿಸಿದ ಯಾವ ಒಯ್ಯಾರವೂ ಇಲ್ಲದೆ, ತಡವರಿಸುತ್ತ, ಹಿಂದುಮುಂದಾಗಿ ಹೇಳಿದೆ. ಬೈದಿದ್ದು, ಅವರು ನಿಂತದ್ದು, ನಾನು ನೋಡಿಯೂ ನಗಿಸುತ್ತಿದ್ದದ್ದು, ಆಮೇಲೆ ಚಿಕ್ಕಣ್ಣ ಕೇಳಿದಾಗ ಸುಮ್ಮನಿರುವುದೂ ಆಗದೆ ಹೂಂಗುಟ್ಟಿದ್ದು.

ಲಕ್ಕಮ್ಮ ಮಾವನ ಕಡೆ ತಿರುಗಿ, "ಹೌದಾ ಮಾವ?" ಎಂದಳು. ಅಜ್ಜ ಬೀಡಿ ಹುಡುಕುತ್ತಿದ್ದರು.

"ನಾನು ಆರು ವರ್ಷ ಇವ್ರನ್ನ ಆಡ್ಕಂಡಿದೀನಿ ಸರ್" ಎಂದಳು. "ಒಂದು ಮೈಲಿ ನಡೆಯಾಕೆ ಆಗ್ದೋರು ಅಂತ. ಊಟಕ್ಕೆ ಎದ್ದು ಬರೋದು ತಡ ಆದ್ರೂ ಅಂದಿದೀನಿ, ನೀರು ತರೋದು ತಡ ಆದ್ರೂ ಅಂದಿದೀನಿ." ಆಮೇಲೆ, "ನಂಗೆ ಹೇಳಿದ್ದು ಸಾಲ್ದು. ನಮ್ಮೆಜಮಾನ್ರು ಕುರಿ ಹೊಡ್ಕಂಡು ಬರ್ತಾರೆ. ಅವ್ರ ಮುಂದೆನೂ ಹೇಳ್ರಿ. ಆಮೇಲೆ ಹೋಗ್ರಿ" ಎಂದು ಒಳಗೆ ಹೋದಳು.

ಕೊನೆಯ ಬಸ್ಸು ಐದೂವರೆಗೆ. ಅದು ಹಾರ್ನ್ ಹಾಕಿಕೊಂಡು ಹೋದದ್ದು ಕೇಳಿಸಿತು. ನಾನೂ ಅಜ್ಜನೂ ಒಂದೇ ಜಗಲಿಯ ಮೇಲೆ ಕೂತಿದ್ದೆವು. ಆರರ ಹೊತ್ತಿಗೆ ಧೂಳೆದ್ದಿತು. ಚಿಕ್ಕಣ್ಣ ಕುರಿಗಳನ್ನು ಒಳಗೆ ಬಿಟ್ಟು, ಕೋಲು ಹಿಡಿದುಕೊಂಡೇ ಬಂದು ನಿಂತ. ಎದ್ದು ನಿಂತು ಇನ್ನೊಂದು ಸಲ ಎಲ್ಲವನ್ನೂ ಹೇಳಿದೆ. ಎರಡನೆಯ ಸಲವೂ ಸಲೀಸಾಗಲಿಲ್ಲ.

ಚಿಕ್ಕಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವನು ನನ್ನನ್ನು ದಾಟಿ ಜಗಲಿಯ ಹತ್ತಿರ ಹೋಗಿ, ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೋಲನ್ನು ಅವರ ತೊಡೆಯ ಮೇಲಿಟ್ಟ.

"ನಾಳಿಂದ ನೀನೂ ಬಾರಪ್ಪ ಕುರಿ ಜತೆಗೆ" ಎಂದ.

ಕಾಟಜ್ಜ ಕೋಲನ್ನು ಒಂದು ಸಲ ಸವರಿದರು. ಆಮೇಲೆ ಅದನ್ನು ಮಗನ ಕೈಗೇ ಕೊಟ್ಟರು.

"ಈಗ ನಿಜ್ವಾಗ್ಲೂ ಕಾಲು ಬರಾಕಿಲ್ಲ ಕಣಪ್ಪ" ಎಂದರು.